ಮೊಟ್ಟೆ ಯಾರ ಲೆಕ್ಕಕ್ಕೆ?

ಕರ್ನಾಟಕದ ಸರಕಾರಿ ಶಾಲೆಯ ಮಗುವಿನ ತಟ್ಟೆಗೆ ಬೀಳುವ ಬೇಯಿಸಿದ ಮೊಟ್ಟೆಗೆ ಈಗ ಎರಡು ಲೆಕ್ಕಪುಸ್ತಕಗಳಿವೆ. ವಾರದಲ್ಲಿ ಎರಡು ದಿನದ ಮೊಟ್ಟೆ ಸರಕಾರದ ಲೆಕ್ಕಕ್ಕೆ; ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ಲೆಕ್ಕಕ್ಕೆ. 2024ರ ಜುಲೈನಲ್ಲಿ ರಾಜ್ಯ ಸರಕಾರ ಆ ಸಂಸ್ಥೆಯೊಂದಿಗೆ ಮಾಡಿಕೊಂಡ ಒಡಂಬಡಿಕೆಯ ಪ್ರಕಾರ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ, ಒಂದರಿಂದ ಹತ್ತನೇ ತರಗತಿವರೆಗಿನ ಸುಮಾರು 55 ಲಕ್ಷ ಮಕ್ಕಳಿಗೆ. ಬಿಳಿಯದನ್ನು ಮೊದಲು ತಿಂದು ಹಳದಿಯನ್ನು ಕೊನೆಗೆಂದು ಉಳಿಸಿಕೊಳ್ಳುವ ಮಗುವಿಗೆ ಇವತ್ತಿನದು ಯಾರ ಮೊಟ್ಟೆ ಎಂದು ಗೊತ್ತಿಲ್ಲ. ಅದಕ್ಕೆ ಗೊತ್ತಾಗಬೇಕಾದ್ದೂ ಇಲ್ಲ. ಗೊತ್ತಿರಬೇಕಾದ್ದು ನಮಗೆ.

ಮೊದಲೇ ಹೇಳಿಬಿಡುತ್ತೇನೆ, ಆ ಮೊಟ್ಟೆ ಬೇಕೇ ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು ಕಂಡುಬಂತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳು ಮಾತ್ರ ಮೊಟ್ಟೆಯನ್ನೇ ಆರಿಸಿಕೊಂಡರು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ಮೊಟ್ಟೆ ಸಿಗದ ಗದಗಿನ ಮಕ್ಕಳನ್ನೂ ಅಕ್ಕಪಕ್ಕ ಇಟ್ಟು ನೋಡಿದ ಅಧ್ಯಯನದಲ್ಲಿ ಯಾದಗಿರಿಯವರ ಬೆಳವಣಿಗೆ ಮೇಲಾಗಿತ್ತು. ಹಾಗಾಗಿ ವಾರಕ್ಕೆ ಆರು ಮೊಟ್ಟೆ ಕೊಡಿಸಿದ ದಾನಿಯ ಮೇಲೆ ನನಗೆ ತಕರಾರಿಲ್ಲ. ದಾನಿ ಸಿಕ್ಕನಲ್ಲಾ ಎಂದು ನಾವೆಲ್ಲ ಪಟ್ಟ ನೆಮ್ಮದಿಯ ಮೇಲೆ ನನ್ನ ತಕರಾರು.

ಆ ನೆಮ್ಮದಿಯ ಹಿಂದೆ ಒಂದು ಗಟ್ಟಿಯಾದ ನಂಬಿಕೆ ಇದೆ. ಸರಕಾರದ ಬೊಕ್ಕಸಕ್ಕೆ ಮಿತಿ ಇದೆ, ಜನಕಲ್ಯಾಣಕ್ಕೆ ಮಿತಿ ಇಲ್ಲ. ಆದ್ದರಿಂದ ಉಳ್ಳವರನ್ನು ಜೊತೆ ಸೇರಿಸಿಕೊಳ್ಳಬೇಕು, ದಾನಿಗಳ ಹಣದ ಜೊತೆ ಶಿಸ್ತೂ ಬರುತ್ತದೆ, ಸರಕಾರದ ಹೊರೆಯೂ ಇಳಿಯುತ್ತದೆ ಎಂಬುದು. ಅಧಿಕಾರಿಗಳ ಸಭೆಯಲ್ಲಿ, ಸ್ವಯಂಸೇವಾ ಸಂಸ್ಥೆಗಳ ವರದಿಯಲ್ಲಿ, ಪತ್ರಿಕೆಗಳ ಸಂಪಾದಕೀಯದಲ್ಲಿ ಈ ಮಾತು ಎಷ್ಟು ಸಲ ಬಂದಿದೆಯೆಂದರೆ ಅದನ್ನು ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ. ಒಂದು ಯೋಜನೆಗೆ ಎಷ್ಟು ಸಹಭಾಗಿಗಳಿದ್ದಾರೆ ಎಂಬುದೇ ಅದರ ಬಲದ ಅಳತೆ ಎನ್ನುವ ಮಟ್ಟಿಗೆ ನಾವು ಬಂದಿದ್ದೇವೆ.

ಲೆಕ್ಕ ಹಾಕೋಣ. ಮೂರು ವರ್ಷಕ್ಕೆ 1,500 ಕೋಟಿ ಎಂದರೆ ವರ್ಷಕ್ಕೆ 500 ಕೋಟಿ. ಒಡಂಬಡಿಕೆಯಾದ ವರ್ಷ, 2024–25ರಲ್ಲಿ, ಕರ್ನಾಟಕದ ಬಜೆಟ್ಟಿನ ಗಾತ್ರ 3.71 ಲಕ್ಷ ಕೋಟಿ. ನೂರು ರೂಪಾಯಿ ಖರ್ಚು ಮಾಡುವ ಮನೆಯಲ್ಲಿ ಇದು ಹದಿಮೂರು ಪೈಸೆ. ಅದೇ ವರ್ಷ ಸರಕಾರದ ಐದು ಗ್ಯಾರಂಟಿ ಯೋಜನೆಗಳಿಗೆ ಇಟ್ಟದ್ದು ಸುಮಾರು 52,000 ಕೋಟಿ. ಅದರ ನೂರನೇ ಒಂದು ಭಾಗವೂ ಈ ಮೊಟ್ಟೆಗೆ ಬೇಕಿರಲಿಲ್ಲ. ಗ್ಯಾರಂಟಿಗಳನ್ನು ಹಳಿಯಲು ನಾನು ಈ ಅಂಕಿ ಕೊಡುತ್ತಿಲ್ಲ. ಬಸ್ಸು ಹತ್ತುವಾಗ ಗಂಡನ ಮುಂದೆ ಕೈಚಾಚಬೇಕಿಲ್ಲದ ಹೆಂಗಸರನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಒಂದು ಪ್ರಶ್ನೆ ಕೇಳಲೇಬೇಕು: ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆಗೆ ದಾನಿಯನ್ನು ಯಾರಾದರೂ ಹುಡುಕಿದರೇ? ಮನೆಯೊಡತಿಗೆ ತಿಂಗಳಿಗೆ ಸಿಗುವ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಮುನ್ನೂರು ರೂಪಾಯಿ ಇಂಥ ಪ್ರತಿಷ್ಠಾನದ್ದು ಎಂದು ಯಾರಾದರೂ ಒಡಂಬಡಿಕೆ ಮಾಡಿಕೊಂಡರೇ? ಇಲ್ಲ. ಆ ಹೆಂಗಸರಿಗೆ ಮತವಿದೆ. ಎರಡು ತಿಂಗಳು ಹಣ ಬರದಿದ್ದರೆ ಅವರು ಕೇಳುತ್ತಾರೆ, ಟಿವಿಯವರ ಮುಂದೆ ನಿಂತು ಕೇಳುತ್ತಾರೆ.

ಒಂಬತ್ತು ವರ್ಷದ ಮಗುವಿಗೆ ಮತವಿಲ್ಲ.

ಹಾಲಿನ ಕಥೆಯನ್ನು ಇದರ ಪಕ್ಕದಲ್ಲಿಡಿ. 2013ರ ಆಗಸ್ಟಿನಲ್ಲಿ ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು. ಹಾಲು ಒಕ್ಕೂಟಗಳಲ್ಲಿ ಹಾಲು ಮಿಗುತ್ತಿದ್ದ ಕಾಲ ಅದು. ಹಾಲು ಹಾಕುವ ಲಕ್ಷಾಂತರ ರೈತರು, ಅವರ ಸಂಘಗಳು, ಒಕ್ಕೂಟದ ಚುನಾವಣೆ ಗೆದ್ದು ವಿಧಾನಸಭೆಗೆ ಬರುವ ನಾಯಕರು ಎಲ್ಲರೂ ಆ ಲೋಟದ ಹಿಂದೆ ಇದ್ದರು. ಹಾಗಾಗಿ ಹಾಲು ನೇರವಾಗಿ ಬಜೆಟ್ಟಿಗೆ ಸೇರಿತು. ಮೊಟ್ಟೆಯ ಹಿಂದೆ ಅಂಥ ಸೈನ್ಯವಿಲ್ಲ; ವಿರೋಧಕ್ಕೆ ಮಾತ್ರ ಗಟ್ಟಿ ದನಿಗಳಿವೆ. ಬೊಕ್ಕಸದಲ್ಲಿ ಹಣವಿಲ್ಲದ ಕಡೆ ನಾವು ದಾನಿಯನ್ನು ಕರೆಯುತ್ತೇವೆಂದು ಹೇಳಿಕೊಳ್ಳುತ್ತೇವೆ. ನಿಜದಲ್ಲಿ ಕರೆಯುವುದು ಕೇಳುವ ಬಾಯಿ ಇಲ್ಲದ ಕಡೆ. ಶಾಲೆಯ ಮಗು, ಅಂಗನವಾಡಿಯ ಕೂಸು, ಹಾಸ್ಟೆಲ್ಲಿನ ಹುಡುಗಿ, ಬೀದಿಗೆ ಬಿದ್ದ ಮುದುಕ: ದಾನಿಗಳ ಪಟ್ಟಿ ಹಿಡಿದು ಸರಕಾರ ಹೋಗುವುದು ಇವರ ಹೆಸರಿನಲ್ಲಿ.

ದಾನಿಯ ಅನ್ನ ನಮ್ಮ ಶಾಲೆಗಳಿಗೆ ಹೊಸತಲ್ಲ. ಅರವತ್ತು, ಎಪ್ಪತ್ತರ ದಶಕದಲ್ಲಿ ಹಳ್ಳಿ ಶಾಲೆಯಲ್ಲಿ ಓದಿದವರನ್ನು ಕೇಳಿ. ಅವರು ಮೊದಲು ನೆನೆಯುವುದು ಪಾಠವನ್ನಲ್ಲ, ಉಪ್ಪಿಟ್ಟನ್ನು. ಅಮೆರಿಕದಿಂದ ಕೇರ್ ಸಂಸ್ಥೆಯ ಮೂಲಕ ಬಂದ ಗೋಧಿ ರವೆ, ಹಾಲಿನ ಪುಡಿ, ಎಣ್ಣೆ. ಆ ಉಪ್ಪಿಟ್ಟಿನ ಘಮಕ್ಕೇ ಶಾಲೆಗೆ ಬಂದು ಮುಂದೆ ಮೇಷ್ಟ್ರಾದವರು, ಡಾಕ್ಟರಾದವರು ಇದ್ದಾರೆ. ಆ ಋಣವನ್ನು ಸಣ್ಣದು ಮಾಡುವ ಅಧಿಕಾರ ನನಗಿಲ್ಲ. ಆದರೆ ಅದೇ ಕಾಲದಲ್ಲಿ ಮೇಲಿನ ಮಟ್ಟದಲ್ಲಿ ಏನು ನಡೆಯುತ್ತಿತ್ತೆಂಬುದನ್ನೂ ಮರೆಯುವಂತಿಲ್ಲ. 1954ರಲ್ಲಿ ಅಮೆರಿಕ ಮಾಡಿದ ಪಿಎಲ್ 480 ಕಾನೂನಿನಡಿ ಗೋಧಿಯ ಹಡಗುಗಳು ನಮ್ಮ ಬಂದರಿಗೆ ಬರುತ್ತಿದ್ದವು. 1965ರ ನಂತರ, ಬರಗಾಲದ ನಡುವೆಯೇ, ಅಧ್ಯಕ್ಷ ಲಿಂಡನ್ ಜಾನ್ಸನ್ ವರ್ಷಗಳ ಒಪ್ಪಂದವನ್ನು ಬದಿಗಿಟ್ಟು ತಿಂಗಳಿಗೆ ಇಷ್ಟಿಷ್ಟೇ ಎಂದು ಗೋಧಿ ಬಿಡತೊಡಗಿದರು. ಭಾರತ ತನ್ನ ಕೃಷಿ ನೀತಿಯನ್ನು ಬದಲಿಸಬೇಕೆಂಬುದು ಅವರ ಷರತ್ತಾಗಿತ್ತು. ವಿಯೆಟ್ನಾಂ ಯುದ್ಧದ ಬಗ್ಗೆ ದೆಹಲಿ ಆಡುತ್ತಿದ್ದ ಮಾತುಗಳು ಅವರಿಗೆ ಹಿಡಿಸುತ್ತಿರಲಿಲ್ಲ. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಸೋಮವಾರ ರಾತ್ರಿ ಒಂದು ಹೊತ್ತು ಬಿಡಿ ಎಂದು ದೇಶವನ್ನು ಕೇಳಿಕೊಂಡ ವರ್ಷವೂ ಅದೇ 1965. ಕೊಡುವವರು ಒಳ್ಳೆಯವರೋ ಕೆಟ್ಟವರೋ ಎಂಬ ಚರ್ಚೆಗೆ ಇಲ್ಲಿ ಜಾಗವೇ ಇಲ್ಲ. ಗೋಧಿ ಅವರದ್ದು, ಹಡಗು ಯಾವಾಗ ಹೊರಡಬೇಕೆಂಬ ತೀರ್ಮಾನವೂ ಅವರದ್ದು.

ಪಕ್ಕದ ತಮಿಳುನಾಡು ಇದೇ ದಾರಿಯಲ್ಲಿ ನಡೆದು ಬೇರೆ ಊರು ತಲುಪಿತು. 1956ರಲ್ಲಿ ಮುಖ್ಯಮಂತ್ರಿ ಕಾಮರಾಜರು ಶಾಲೆಯಲ್ಲಿ ಮಧ್ಯಾಹ್ನದ ಊಟ ಶುರುಮಾಡಿದಾಗ ಅದಕ್ಕೆ ಊರವರ ದೇಣಿಗೆಯೇ ಆಧಾರವಾಗಿತ್ತು. ಹಳ್ಳಿಯವರು ಅಕ್ಕಿ, ಬೇಳೆ, ಸೌದೆ ತಂದು ಕೊಟ್ಟರು. ಆಮೇಲೆ ಕೇರ್ ಬಂತು. 1982ರ ಜುಲೈಯಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ದೊಡ್ಡದು ಮಾಡಿ ರಾಜ್ಯದ ಬೊಕ್ಕಸಕ್ಕೆ ತಂದರು. ಇಷ್ಟು ದೊಡ್ಡ ಖರ್ಚು ರಾಜ್ಯವನ್ನು ಮುಳುಗಿಸುತ್ತದೆ ಎಂದು ಆಗ ಅರ್ಥಶಾಸ್ತ್ರ ಬಲ್ಲವರೇ ಹೇಳಿದ್ದರು. ರಾಜ್ಯ ಮುಳುಗಲಿಲ್ಲ. ಬೊಕ್ಕಸಕ್ಕೆ ಬಂದ ಮೇಲೆ ಏನಾಯಿತೆಂಬುದು ಇಲ್ಲಿ ಮುಖ್ಯ: ಎದುರಾಳಿ ಪಕ್ಷ ಅಧಿಕಾರಕ್ಕೆ ಬಂದಾಗ ಯೋಜನೆಯನ್ನು ನಿಲ್ಲಿಸಲಾಗಲಿಲ್ಲ, ಮೇಲೇರಿಸಲೇಬೇಕಾಯಿತು. ಕರುಣಾನಿಧಿ 1989ರಲ್ಲಿ ಎರಡು ವಾರಕ್ಕೊಂದು ಮೊಟ್ಟೆ ಸೇರಿಸಿದರು. 2010ರ ಹೊತ್ತಿಗೆ ಅದು ವಾರಕ್ಕೆ ಐದಾಯಿತು. 2022ರಲ್ಲಿ ಬೆಳಗಿನ ತಿಂಡಿಯೂ ಬಂತು. ಎರಡು ಪಕ್ಷಗಳು ಮಗುವಿನ ತಟ್ಟೆಯ ಮೇಲೆ ಪೈಪೋಟಿಗಿಳಿದದ್ದರಿಂದ ಆ ತಟ್ಟೆ ತುಂಬಿತು. ದಾನಿಯ ಹಣದಲ್ಲಿ ನಡೆಯುವ ಯೋಜನೆಯ ಮೇಲೆ ಯಾವ ಪಕ್ಷ ಪೈಪೋಟಿ ನಡೆಸೀತು? ಬೇರೆಯವರ ಹಣದ ಮೊಟ್ಟೆಗೆ ಸದನದಲ್ಲಿ ಪ್ರಶ್ನೆ ಕೇಳುವ ಶಾಸಕ ಯಾರು?

ಹೊರೆ ಇಳಿಯುತ್ತದೆ ಎಂಬ ಮಾತಿನ ನಿಜವಾದ ಬೆಲೆ ಇಲ್ಲಿದೆ. ಹೊರೆಯ ಜೊತೆ ಹೊಣೆಯೂ ಇಳಿಯುತ್ತದೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. ನಮ್ಮ ರಾಜ್ಯದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ ಮರುವರ್ಷವೇ ಶುರುವಾದದ್ದು ಆ ಆದೇಶದ ಬೆನ್ನಲ್ಲೇ. 2013ರ ಆಹಾರ ಭದ್ರತಾ ಕಾಯ್ದೆ ಆ ಊಟವನ್ನು ಹಕ್ಕೆಂದು ಬರೆಯಿತು. ಕಿರಿಯ ಪ್ರಾಥಮಿಕದ ಮಗುವಿಗೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕಕ್ಕೆ 700 ಕ್ಯಾಲರಿ, 20 ಗ್ರಾಂ ಎಂದು ಅಳತೆಯನ್ನೂ ಹಾಕಿತು. ಕೊಡದಿದ್ದರೆ ಭತ್ಯೆ ಕೊಡಬೇಕೆಂದಿತು. ಅಂದರೆ ಅನ್ನ ಸಾರು ಬರದಿದ್ದರೆ ತಾಯಿಯೊಬ್ಬಳು ನ್ಯಾಯಾಲಯದ ಬಾಗಿಲು ಬಡಿಯಬಹುದು. ನಾಲ್ಕು ದಿನದ ಮೊಟ್ಟೆ ನಿಂತರೆ? ಒಡಂಬಡಿಕೆ ಇರುವುದು ಸರಕಾರಕ್ಕೂ ಪ್ರತಿಷ್ಠಾನಕ್ಕೂ ನಡುವೆ. ಆ ತಾಯಿಯ ಹೆಸರು ಅದರಲ್ಲಿಲ್ಲ.

ದಾನದ ಹಣ ಎಲ್ಲಿ ಹೋಗುತ್ತದೆ, ಎಲ್ಲಿ ಹೋಗುವುದಿಲ್ಲ ಎಂಬುದನ್ನೂ ನೋಡಬೇಕು. ಕಣ್ಣಿಗೆ ಕಾಣುವ ವಸ್ತುವಿಗೆ ದಾನಿ ಸಿಗುತ್ತಾನೆ: ಉಗಿಯಲ್ಲಿ ಬೇಯಿಸುವ ದೊಡ್ಡ ಅಡುಗೆಮನೆ, ಊಟ ಸಾಗಿಸುವ ವ್ಯಾನು, ಸ್ಟೀಲ್ ತಟ್ಟೆ, ನೀರಿನ ಫಿಲ್ಟರು. ಬಿಸಿಯೂಟದ ಅಡುಗೆಯವರ ಸಂಬಳಕ್ಕೆ ದಾನಿ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಕೇಂದ್ರ ಸರಕಾರ ಅವರಿಗೆ ಗೊತ್ತುಮಾಡಿದ ಗೌರವಧನ ತಿಂಗಳಿಗೆ 1,000 ರೂಪಾಯಿ. ಅದರಲ್ಲಿ ಕೇಂದ್ರದ ಪಾಲು 600. 2009ರಲ್ಲಿ ನಿಗದಿಯಾದ ಈ ಮೊತ್ತ ಅಲ್ಲಿಂದ ಏರಿಲ್ಲ. ರಾಜ್ಯಗಳು ತಮ್ಮ ಕೈಯಿಂದ ಸೇರಿಸಿದ್ದರಿಂದ ಮಾತ್ರ ಅವರ ಬದುಕು ನಡೆದಿದೆ. ಕರ್ನಾಟಕ ಸೇರಿಸಿದ್ದೂ ಆ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಿಸಿಲಲ್ಲಿ ಕೂತು ಕೇಳಿದ ಮೇಲೆ. ದಿನಾ ನೂರಾರು ಮೊಟ್ಟೆ ಬೇಯಿಸಿ ಸುಲಿಯುವ ಕೆಲಸ ಅವರ ಮೇಲೆಯೇ ಬಿತ್ತು. ಮೊಟ್ಟೆಯೊಂದಕ್ಕೆ ಗೊತ್ತಾದ ದರ 6 ರೂಪಾಯಿ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ ಮುಗಿಯಬೇಕು. ಮಾರುಕಟ್ಟೆಯಲ್ಲಿ ಬೆಲೆ ಏರಿದ ತಿಂಗಳುಗಳಲ್ಲಿ ಹೆಚ್ಚುವರಿ ಪೈಸೆ ಹೋದದ್ದು ಮುಖ್ಯ ಶಿಕ್ಷಕರ ಜೇಬಿನಿಂದ. ಆ ಮುಖ್ಯ ಶಿಕ್ಷಕರೂ ದಾನಿಗಳೇ ತಾನೆ? ಯಾವ ಫ್ಲೆಕ್ಸಿನಲ್ಲೂ ಅವರ ಫೋಟೊ ಇಲ್ಲ.

ತಟ್ಟೆಯಲ್ಲಿ ಏನಿರಬೇಕೆಂಬ ಪ್ರಶ್ನೆ ಇನ್ನೂ ಸೂಕ್ಷ್ಮ. ಶಾಲೆಗಳಿಗೆ ಬಿಸಿಯೂಟ ಒದಗಿಸುವ ಅಕ್ಷಯಪಾತ್ರ ಸಂಸ್ಥೆ 2000ನೇ ಇಸವಿಯಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಂದ ಶುರುವಾಗಿ ಇಂದು ದೇಶದ ಹಲವು ರಾಜ್ಯಗಳಲ್ಲಿ ಊಟ ಕೊಡುತ್ತಿದೆ. ಸರಕಾರದ ಧಾನ್ಯ, ಸರಕಾರ ಕೊಡುವ ಅಡುಗೆ ವೆಚ್ಚ, ಅದರ ಮೇಲೆ ದಾನಿಗಳ ಹಣ. ಇಷ್ಟು ಸೇರಿ ಆ ಊಟ. ಅದರ ಅಡುಗೆಮನೆಗಳ ಶುಚಿ, ಸಮಯಕ್ಕೆ ಸರಿಯಾಗಿ ವ್ಯಾನು ಬರುವ ಶಿಸ್ತು ಮೆಚ್ಚುವಂಥದ್ದು. ಆದರೆ 2018–19ರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಆ ಅಡುಗೆ ನಮ್ಮ ಮಕ್ಕಳ ನಾಲಿಗೆಗೆ ಹೊಂದುತ್ತದೆಯೇ ಎಂಬ ಚರ್ಚೆ ಎದ್ದಾಗ ಒಂದು ವಿಷಯ ಸ್ಪಷ್ಟವಾಯಿತು. ಭಕ್ತಿಯ ಸಂಸ್ಥೆಯೊಂದಕ್ಕೆ ತನ್ನ ಆಹಾರದ ನಿಯಮ ಇರುವುದು ಸಹಜ, ಅದರ ಹಕ್ಕೂ ಹೌದು. ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಸಾರು ಉಣ್ಣುವ ಮಗುವಿನ ಊಟದ ನಿಯಮವನ್ನು ಆ ಸಂಸ್ಥೆ ಗೊತ್ತುಮಾಡುವುದು ಬೇರೆ ಮಾತು. ಒಬ್ಬ ದಾನಿ ಮೊಟ್ಟೆ ಬೇಡ ಎನ್ನಬಲ್ಲ, ಇನ್ನೊಬ್ಬ ಮೊಟ್ಟೆ ಬೇಕು ಎಂದು 1,500 ಕೋಟಿ ಕೊಡಬಲ್ಲ. ಎರಡನೆಯವನ ಆಯ್ಕೆ ನನಗೆ ಇಷ್ಟವಾದದ್ದು ಎಂಬ ಕಾರಣಕ್ಕೆ ಮಗುವಿನ ತಟ್ಟೆ ದಾನಿಯ ಆಯ್ಕೆಗೆ ಬಿಟ್ಟದ್ದು ಸರಿಯಾಗುವುದಿಲ್ಲ. ಇದನ್ನು ನಾನು ನನಗೇ ಹೇಳಿಕೊಂಡೆ, ಕಷ್ಟಪಟ್ಟು.

ನಮ್ಮ ಸಂಸ್ಕೃತಿಯೇ ದಾನದ್ದು, ಧರ್ಮಸ್ಥಳ ಸಿದ್ಧಗಂಗೆಗಳ ನಾಡಿನಲ್ಲಿ ಇದೆಂಥ ತಕರಾರು ಎಂದು ಕೇಳುವವರಿದ್ದಾರೆ. ಈ ಮಾತಿಗೆ ನಿಧಾನವಾಗಿ ಉತ್ತರ ಕೊಡಬೇಕು. ನಮ್ಮ ಯೋಜನೆಗೆ ಹೆಸರಿಟ್ಟವರು ಅಕ್ಷರ ದಾನ ಎಂದೋ ಅನ್ನದಾನ ಎಂದೋ ಇಡಲಿಲ್ಲ, ಅಕ್ಷರ ದಾಸೋಹ ಎಂದಿಟ್ಟರು. ಹನ್ನೆರಡನೇ ಶತಮಾನದ ಶರಣರು ದಾನ ಎಂಬ ಪದವನ್ನು ಬಿಟ್ಟು ದಾಸೋಹ ಎಂಬುದನ್ನು ಹಿಡಿದದ್ದು ಸುಮ್ಮನೆ ಅಲ್ಲ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ಕೊಟ್ಟೆನೆಂಬ ಭಾವ ಉಳಿಯುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಕಾಯಕದಿಂದ ಬಂದದ್ದು ಮೊದಲೇ ಸಮುದಾಯದ್ದು, ಅದನ್ನು ತಲುಪಿಸುವುದಷ್ಟೇ ಅವನ ಪಾಲು. ಇವತ್ತಿನ ದಿನದಲ್ಲಿ ಆ ವಿಚಾರಕ್ಕೆ ಹತ್ತಿರದ ಏರ್ಪಾಡು ಯಾವುದೆಂದು ಯೋಚಿಸಿದರೆ ನನಗೆ ಕಾಣುವುದು ತೆರಿಗೆ. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯೂ ಕಾರು ಕೊಳ್ಳುವ ಧನಿಕನೂ ಅದಕ್ಕೆ ಹಾಕುತ್ತಾರೆ. ಮಗು ಉಣ್ಣುವಾಗ ಯಾರ ಹೆಸರೂ ಹೇಳಬೇಕಿಲ್ಲ. ಸಿದ್ಧಗಂಗಾ ಮಠದ ಪಂಕ್ತಿಯಲ್ಲಿ ಕೂತು ಉಂಡ ಹುಡುಗರು ಯಾವ ದಾನಿಯ ಫೋಟೊದ ಕೆಳಗೂ ತಟ್ಟೆ ಹಿಡಿದು ನಿಂತವರಲ್ಲ. ನಿಧಿ ಎತ್ತುವ ಸಂಸ್ಥೆಗಳ ಜಾಹೀರಾತಿನಲ್ಲಿ ಮಾತ್ರ ಖಾಲಿ ತಟ್ಟೆ ಹಿಡಿದ ಮಗುವಿನ ಕಣ್ಣು ನಮ್ಮನ್ನೇ ನೋಡುತ್ತಿರುತ್ತದೆ. ಆ ಮಗುವಿನ ಒಪ್ಪಿಗೆಯನ್ನು ಯಾರು ಕೇಳಿದರು?

ದಾನವೂ ಪೂರ್ತಿ ದಾನಿಯದ್ದಲ್ಲ ಎಂಬ ಒಂದು ಸಣ್ಣ ಲೆಕ್ಕ ಇಲ್ಲಿ ಸೇರಬೇಕು. ಆದಾಯ ತೆರಿಗೆಯ 80ಜಿ ವಿನಾಯಿತಿ ಇರುವ ಸಂಸ್ಥೆಗೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ. 30ರ ಹಂತದಲ್ಲಿರುವವರು ಸಾವಿರ ರೂಪಾಯಿ ಕೊಟ್ಟರೆ, ಅರ್ಧಕ್ಕೆ ವಿನಾಯಿತಿ ಸಿಕ್ಕಿ 150 ರೂಪಾಯಿ ತೆರಿಗೆ ಉಳಿಯುತ್ತದೆ. ಆ 150 ಬೊಕ್ಕಸಕ್ಕೆ ಬರಬೇಕಾದದ್ದು. ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಮ್ಮ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದೂ ಅದೇ ಕಾಯ್ದೆ ಹೇಳುತ್ತದೆ. ಕಂಪನಿಗಳಿರುವುದು ಬೆಂಗಳೂರಿನಲ್ಲಿ, ಹಸಿವಿರುವುದು ಕಲ್ಯಾಣ ಕರ್ನಾಟಕದ ಸುರಪುರ, ದೇವದುರ್ಗದಲ್ಲಿ.

ಇಷ್ಟು ಹೇಳಿದ ಮೇಲೆ, ದಾನಿಗಳೇ ಬೇಡವೆಂದರೆ ಅದೂ ಸುಳ್ಳಾಗುತ್ತದೆ. ಇಥಿಯೋಪಿಯಾವನ್ನು ನೋಡಿ. ಪ್ರತಿ ವರ್ಷ ಬರ ಬಿದ್ದಾಗ ಜಗತ್ತಿನ ಮುಂದೆ ತುರ್ತು ನೆರವು ಕೇಳುತ್ತಿದ್ದ ದೇಶ 2005ರಲ್ಲಿ ಆ ಪದ್ಧತಿಯನ್ನು ಬಿಟ್ಟು ಒಂದು ಸ್ಥಿರ ಯೋಜನೆ ಕಟ್ಟಿತು. ಹಲವು ದಾನಿ ದೇಶಗಳು, ವಿಶ್ವಬ್ಯಾಂಕ್ ಸೇರಿ ಹಲವು ವರ್ಷಗಳ ಹಣವನ್ನು ಮೊದಲೇ ಒಪ್ಪಿಕೊಂಡು ಸರಕಾರದ ಒಂದೇ ಯೋಜನೆಯ ಹಿಂದೆ ನಿಂತವು. ಕೆಲಸ ಮಾಡಬಲ್ಲವರು ಊರಿನ ಕೆರೆ, ಬದು, ರಸ್ತೆ ಕೆಲಸ ಮಾಡಿ ಕೂಲಿಯಾಗಿ ನಗದೋ ಧಾನ್ಯವೋ ಪಡೆದರು. ಆಗದವರಿಗೆ ನೇರವಾಗಿ ಸಿಕ್ಕಿತು. ಸುಮಾರು 80 ಲಕ್ಷ ಜನರನ್ನು ಮುಟ್ಟಿದ ಯೋಜನೆ ಅದು. ಬೊಕ್ಕಸ ನಿಜವಾಗಿ ಬರಿದಾಗಿರುವ ದೇಶದಲ್ಲಿ ದಾನಿಗಳ ಸಹಭಾಗಿತ್ವ ಜೀವ ಉಳಿಸುತ್ತದೆ. ಅಲ್ಲಿಯೂ ಅದರ ಅಪಾಯ ಎಂಥದ್ದೆಂದು 2025 ತೋರಿಸಿತು. ಜನವರಿ 20ರಂದು ಅಮೆರಿಕದ ಹೊಸ ಅಧ್ಯಕ್ಷರು ವಿದೇಶಿ ನೆರವನ್ನು ತಡೆಹಿಡಿದರು. ಜುಲೈ 1ಕ್ಕೆ ಯುಎಸ್ಏಡ್ ಎಂಬ ಸಂಸ್ಥೆಯೇ ಮುಚ್ಚಿತು. ಇಥಿಯೋಪಿಯಾದ ಯೋಜನೆಯ ದೊಡ್ಡ ದಾನಿಗಳಲ್ಲಿ ಅದೂ ಒಂದಾಗಿತ್ತು. ಆ ಹೊತ್ತಿಗೆ ಕೆನ್ಯಾ ಬೇರೆ ದಾರಿ ಹಿಡಿದಿತ್ತು. ವಿಶ್ವ ಆಹಾರ ಕಾರ್ಯಕ್ರಮ ನಡೆಸುತ್ತಿದ್ದ ಶಾಲಾ ಊಟವನ್ನು ಹಂತಹಂತವಾಗಿ ತನ್ನ ಕೈಗೆ ತೆಗೆದುಕೊಂಡು 2018ರಲ್ಲಿ ಅದನ್ನು ಪೂರ್ತಿ ಸರಕಾರದ್ದಾಗಿಸಿತು.

ತಲಾ ಆದಾಯದಲ್ಲಿ ದೇಶದ ಮುಂಚೂಣಿಯಲ್ಲಿರುವ ಕರ್ನಾಟಕ ಇಥಿಯೋಪಿಯಾದ ಜಾಗದಲ್ಲಿಲ್ಲ. ಕೇಂದ್ರದ ಕಾನೂನು ಎಂಟನೇ ತರಗತಿಗೆ ನಿಲ್ಲಿಸಿದ ಊಟವನ್ನು ಹತ್ತನೇ ತರಗತಿವರೆಗೆ ತನ್ನದೇ ಖರ್ಚಿನಲ್ಲಿ ಒಯ್ದ ರಾಜ್ಯ ಇದು. ನಮ್ಮಂಥವರಿಗೆ ದಾನಿ ಬೇಕಾಗುವುದು ಹಾಲಿಗೆ ಹೆಪ್ಪು ಬೇಕಾದಷ್ಟು. ಹೆಪ್ಪನ್ನು ಪಕ್ಕದ ಮನೆಯಿಂದ ಈಸಿಕೊಂಡು ಬರುವುದರಲ್ಲಿ ನಾಚಿಕೆಯಿಲ್ಲ, ನಮ್ಮಜ್ಜಿಯರೆಲ್ಲ ತಂದಿದ್ದಾರೆ, ಹಾಲು ಮನೆಯದ್ದಿರಬೇಕು. ಸರಕಾರ ಅಂಜುವ ಹೊಸ ಕೆಲಸವನ್ನು ಒಂದು ಜಿಲ್ಲೆಯಲ್ಲಿ ಮಾಡಿ ತೋರಿಸುವುದು, ಅದರ ಫಲವನ್ನು ಅಳೆಯುವುದು, ಅಡುಗೆಯವರಿಗೆ ತರಬೇತಿ ಕೊಡುವುದು, ಸರಕಾರಕ್ಕೆ ಒಪ್ಪದ ಸತ್ಯವನ್ನು ಅಂಕಿಸಂಖ್ಯೆ ಸಮೇತ ಹೇಳುವುದು ದಾನಿಯ ಹಣಕ್ಕೆ ತಕ್ಕ ಕೆಲಸ. 55 ಲಕ್ಷ ಮಕ್ಕಳ ದಿನನಿತ್ಯದ ಊಟದ ಬಿಲ್ಲು ಹೆಪ್ಪಲ್ಲ.

ಹಾಗಾಗಿ ಒಡಂಬಡಿಕೆಯಲ್ಲೇ ಅದರ ಕೊನೆಯೂ ಬರೆದಿರಬೇಕಿತ್ತು. ಮೊದಲ ವರ್ಷ ನಾಲ್ಕು ದಿನವೂ ದಾನಿಯದ್ದು, ಎರಡನೇ ವರ್ಷ ಎರಡು ದಿನ, ಮೂರನೇ ವರ್ಷ ಒಂದು, ಆಮೇಲೆ ಆರೂ ದಿನ ಸರಕಾರದ್ದು ಎಂದು ಇಳಿಯುತ್ತ ಹೋಗುವ ಕರಾರು ಆಗಿದ್ದರೆ ಮೂರು ವರ್ಷಕ್ಕೆ ಹಣಕಾಸು ಇಲಾಖೆ ತಯಾರಾಗುತ್ತಿತ್ತು. ಮೊಟ್ಟೆಯ ದರ ಮಾರುಕಟ್ಟೆಯ ಜೊತೆ ಏರಿಳಿಯಬೇಕೆಂದು, ಸುಲಿಯುವ ಕೈಗಳಿಗೆ ಹೆಚ್ಚುವರಿ ಕೂಲಿ ಸಿಗಬೇಕೆಂದು ಅದರಲ್ಲಿ ಇರಬೇಕಿತ್ತು. ಇದನ್ನು ದಾನಿಯೇ ಕೇಳಿದ್ದರೆ ಇನ್ನೂ ಚೆನ್ನಿತ್ತು. 1,500 ಕೋಟಿ ಕೊಡುವವರ ಮಾತನ್ನು ವಿಧಾನಸೌಧ ಕೇಳುತ್ತದೆ. ಕೊಡುವ ಹಣದ ಜೊತೆ ಆ ಪ್ರಭಾವವನ್ನೂ ಮಕ್ಕಳ ಪರವಾಗಿ ಬಳಸುವುದು ದೊಡ್ಡ ದಾನಿಗಳಿಂದ ನಾವು ನಿರೀಕ್ಷಿಸಬಹುದಾದ ಕೆಲಸ.

ಈ ಒಡಂಬಡಿಕೆಯ ಮೂರು ವರ್ಷ 2027ರಲ್ಲಿ ಮುಗಿಯುತ್ತದೆ. ಅಂದರೆ ಆ ವರ್ಷದ ಆರಂಭದಲ್ಲಿ ಮಂಡನೆಯಾಗುವ ಬಜೆಟ್ಟಿನಲ್ಲಿ, ಶಾಲಾ ಶಿಕ್ಷಣ ಇಲಾಖೆಯ ಬೇಡಿಕೆಯ ಪುಟಗಳಲ್ಲಿ, ಆರು ದಿನದ ಮೊಟ್ಟೆಗೆಂದೇ ಒಂದು ಲೆಕ್ಕಶೀರ್ಷಿಕೆ, ಅದರ ಮುಂದೆ ಪೂರ್ತಿ ಮೊತ್ತ ಇರಬೇಕು. ಪುಸ್ತಕ ಕೈಗೆ ಬಂದ ದಿನ ಭಾಷಣ ಓದುವ ಮೊದಲು ನಾನು ಆ ಸಾಲನ್ನು ಹುಡುಕುತ್ತೇನೆ.